ಒಳಬರಲಾಗದ ಒಡೆಯ

ತಾಲಿವಾಲ್ಡಿಸ್ ಸತ್ತು ಹನ್ನೊಂದು ವಾರ.
ಲಿಯೆಪಾಯಾ ಬಂದರಿನ ಈ ರಕ್ತನಿಧಿಯ ನೆಲಮಾಳಿಗೆಯಲ್ಲಿ
ಇನ್ನೂರ ಹದಿನಾಲ್ಕು ಕೋಷ್ಟಕಗಳಿಗೆ
ಇವತ್ತಿಗೂ ಅವನೇ ಒಡೆಯ.

ಅವನ ತಂಗಿ ಬಂದು ಗುರುತಿನ ಬಿಲ್ಲೆ ಒಪ್ಪಿಸಿದಳು;
ಕೋಟು, ಥರ್ಮಾಸು, ಕೆಮ್ಮಿನ ಗುಳಿಗೆಯ ಡಬ್ಬಿ ಒಯ್ದಳು.
ಸಂಬಳದ ಪಟ್ಟಿಯಲ್ಲಿ ಹೆಸರು ಹೊಡೆದದ್ದಾಯಿತು.
ಸರ್ವರ್ ಮಾತ್ರ ಒಪ್ಪುತ್ತಿಲ್ಲ.
ಅಳಿಸು ಎಂದರೆ ಆಗದು ಎನ್ನುತ್ತದೆ:
ಈ ಹೆಸರನ್ನು ನೆಚ್ಚಿಕೊಂಡವು ಇನ್ನೂ ಇವೆ.

ನೆಚ್ಚಿಕೊಂಡವು!
ಅವನ ಮಣ್ಣಿಗೆ ಬಂದಿದ್ದವರು ನಾವು ಆರೇ ಜನ.

ಅವನು ಕಲಿಸಿದ ಮೊದಲ ಪಾಠ:
ಯಾರಿಗೂ ಬೇಕಾದ್ದಕ್ಕಿಂತ ಒಂದು ಹಿಡಿ ಹೆಚ್ಚು ಕೊಡಬೇಡ, ವಿಜ್ಮಾ.
ನರ್ಸ್ ಸರ್ಮೀತೆಗೆ ಕಾಣುವುದು ಗುಂಪು, ದಿನಾಂಕ, ಚೀಲದ ಸಂಖ್ಯೆ;
ಕೊಟ್ಟವರ ಹೆಸರಲ್ಲ.
ಪ್ರಯೋಗಾಲಯಕ್ಕೆ ಕಾಯಿಲೆ ಗೊತ್ತು, ಮುಖ ಗೊತ್ತಿಲ್ಲ.
ನಿರ್ದೇಶಕರು ಓದಬಹುದು, ಒಂದಕ್ಷರ ತಿದ್ದುವಂತಿಲ್ಲ.
ಒಮ್ಮೆ ಮೇಜು ಗುದ್ದಿ ಎಲ್ಲದರ ಕೀಲಿ ಕೇಳಿದ್ದರು,
ರಾಜಧಾನಿಯಿಂದ ಕಾಗದವನ್ನೂ ತಂದಿದ್ದರು.
ದೇವರು ಕೊಟ್ಟರೂ ಪೂಜಾರಿ ಕೊಡ:
ಇವನು ಕಾಫಿ ಕಲಕುತ್ತ ಕೂತಿದ್ದ,
ಸಕ್ಕರೆಯೇ ಹಾಕಿರಲಿಲ್ಲ.

ಅಂಥವನು ತಾನು ಮಾಡಿದ್ದೇನು?
ಹದಿನೇಳು ವರ್ಷ, ಆತುರದ ರಾತ್ರಿಗಳಲ್ಲಿ,
ಹೊಸತೇನು ಬೇಕಾದರೂ ತನ್ನ ಹೆಸರಲ್ಲೇ ಒಳಹೊಕ್ಕು ಕಟ್ಟಿದ.
ಕಟ್ಟಿದವನದೇ ಮನೆ, ಇಲ್ಲಿನ ಕಾನೂನು ಅಷ್ಟೇ.
ಊರಿಗೆಲ್ಲ ಶಕುನ ನುಡಿದ ಹಲ್ಲಿ
ತಾನೇ ಬಾನಿಗೆ ಬಿದ್ದಿತ್ತು.

ಈಗ ನವೆಂಬರು. ನಮ್ಮಲ್ಲಿದು ಸತ್ತವರು ಬಂದುಹೋಗುವ ಕಾಲ.
ಅಜ್ಜಿ ಸ್ನಾನದ ಗುಡಿಸಲಲ್ಲಿ ರೈ ರೊಟ್ಟಿ, ಬೂದು ಬಟಾಣಿ,
ಒಂದು ಬಕೆಟ್ ಬಿಸಿನೀರು ಇಟ್ಟು
ಅಗುಳಿ ಸರಿಸಿ ಬರುತ್ತಿದ್ದಳು.
ಬೆಳಗಾದರೆ ಅವಳೇ ಪೊರಕೆ ಹಿಡಿದು,
ಉಂಡಾಯ್ತಲ್ಲ, ಹೊರಡಿ ಇನ್ನು, ಅನ್ನುತ್ತಿದ್ದಳು.
ಕರೆಯುವುದೂ ಮರ್ಯಾದೆ, ಕಳಿಸುವುದೂ.

ಹಾಗಾಗಿ ಇವತ್ತು ಒಬ್ಬ ಒಡೆಯನನ್ನು ಹುಟ್ಟಿಸಿದೆ.
ಅವನಿಗೆ ಗುಪ್ತಪದವಿಲ್ಲ, ಒಳಬರಲು ಬಾಗಿಲಿಲ್ಲ,
ಕೆಮ್ಮಿಲ್ಲ, ರಜೆಯಿಲ್ಲ, ತಂಗಿಯಿಲ್ಲ.
ಎಲ್ಲವೂ ಅವನದು; ಅವನು ಮಾತ್ರ ಎಂದೂ ಬರಲಾರ.
ನಾವು ಬಂದು ಹೋಗುವವರು ಅವನಿಂದ
ಹಿಡಿ ಹಿಡಿ ಎರವಲು ಪಡೆಯುತ್ತೇವೆ.

ಒಂದೇ ಸಾಲಿನ ಆಜ್ಞೆ ಸಾಕಿತ್ತು,
ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಕೈ ಬದಲಾಗುತ್ತಿದ್ದವು.
ಒತ್ತುವ ಮೊದಲು ಪಟ್ಟಿ ಓದಿದೆ, ಅದೂ ಅವನ ಪಾಠವೇ.
ಕೊನೆಯಲ್ಲಿ ಒಂದು ಚಿಕ್ಕ ಕೋಷ್ಟಕ. ಹೆಸರು: ಗಾಳಿ.
ಯಾರು ಬೇಕಾದರೂ ಓದಬಹುದು ಎಂದು
ಅವನು ತೆರೆದಿಟ್ಟದ್ದು ಇಡೀ ಸರ್ವರಿನಲ್ಲಿ ಇದೊಂದೇ.
ಯಾರೂ ಓದಿರಲಿಲ್ಲ.

ರಾತ್ರಿಪಾಳಿಗೊಂದು ಸಾಲು. ದಿಕ್ಕು, ವೇಗ, ಷರಾ.
ಉತ್ತರ, ಏಳು. ಹಡಗಿನ ಕೊಂಬು ಎರಡು ಸಲ.
ಪಶ್ಚಿಮ, ಹನ್ನೆರಡು. ಓ ನೆಗೆಟಿವ್ ಮೂರೇ ಚೀಲ, ನಿದ್ದೆಯಿಲ್ಲ.
ಆಗಸ್ಟ್ ಇಪ್ಪತ್ತಾರರದು ಕೊನೆಯದು:
ಪಶ್ಚಿಮ, ಹದಿನಾಲ್ಕು. ಕಿಟಕಿಯ ಕೀಲಿಗೆ ಎಣ್ಣೆ ಬೇಕು.

ಆ ಒಂದನ್ನು ಬಿಟ್ಟು
ಮಿಕ್ಕವನ್ನು ಒಂದೊಂದಾಗಿ ಕೈಯಾರೆ ಬರೆದು ದಾಟಿಸಿದೆ.
ಮೂರು ಗಂಟೆ ಹಿಡಿಯಿತು.
ಅವನ ಪ್ರವೇಶ ಮುಚ್ಚಿದೆ, ಗುಪ್ತಪದ ಕಿತ್ತೆ,
ಕೊಟ್ಟಿದ್ದ ಹಕ್ಕುಗಳನ್ನೆಲ್ಲ ಹಿಂಪಡೆದೆ.
ಆದರೂ ಹೆಸರು ಅಳಿಯದು,
ನೆಚ್ಚಿಕೊಂಡದ್ದು ಒಂದು ಉಳಿದಿದೆಯಲ್ಲ.

ಜನವರಿಯಲ್ಲಿ ತಪಾಸಣೆಯವರು ಬರುತ್ತಾರೆ.
ಸತ್ತವನ ಖಾತೆ ಯಾಕಿದೆ, ಎಲ್ಲರಿಗೂ ತೆರೆದದ್ದು ಯಾಕೆ ಎಂದು
ಕೆಂಪು ಶಾಯಿಯಲ್ಲಿ ಕೇಳುತ್ತಾರೆ. ಅವರದು ತಪ್ಪಲ್ಲ.
ನಾನು ಉತ್ತರ ಬರೆದಿಲ್ಲ.

ಅಲ್ಲಿ ಸಾಲು ಸೇರಿಸುವ ಅಧಿಕಾರ ನನಗುಂಟು. ಸೇರಿಸಲಿಲ್ಲ.
ಇಲ್ಲಿ ಹೇಳಿದರೆ ಸಾಕು:
ನೈಋತ್ಯ, ಹತ್ತೊಂಬತ್ತು.
ಎಣ್ಣೆ ಬಿಟ್ಟೆ.