ಗದ್ದ ಎತ್ತಿ ಕೊಟ್ಟವನು

ಹೊಂಡದ ಸರ್ಕಲ್ಲಿನ ನಮ್ಮಂಗಡಿಯ ಕುರ್ಚಿ
ಅವನು ಕೂತರೆ ಇವತ್ತಿಗೂ ಕಿರ್ರೆನ್ನುತ್ತದೆ.
ಎಪ್ಪತ್ತರ ಹತ್ತಿರ ಬಂದರೂ ಪೈಲ್ವಾನ್ ಬಕ್ಕೇಶಪ್ಪನ ಕತ್ತು
ಕೋಣನ ಹೆಗಲು. ಕಿವಿಗಳು ಜಜ್ಜಿದ ಶುಂಠಿ.

"ಮೀಸೆ ತೆಗೆದುಬಿಡಪ್ಪ" ಅಂದ.

ಮೂವತ್ತು ವರ್ಷ ನಾನು ಬರೀ ತುದಿ ಮುಟ್ಟಿದ ಮೀಸೆ.
"ಯಾಕಣ್ಣ, ಮನೇಲಿ ಯಾರರ..."
"ಎಲ್ರೂ ಆರಾಮ ಅದಾರೆ. ನೀ ತೆಗಿ."

ಗಂಟಲಿನಿಂದ ಶುರು ಮಾಡಿದೆ, ಮೀಸೆ ಕೊನೆಗಿರಲಿ,
ಅಷ್ಟರಲ್ಲಿ ಮನಸ್ಸು ಬದಲಾದೀತು ಅಂತ.
ಒಂದೆಳೆ ಇಳಿಸಿದ್ದೆ ಅಷ್ಟೆ,
"ಹರಿಹರದ ಇಮಾಮ್ ಹೋದ" ಅಂದ, ಕನ್ನಡಿಗೆ.

ಇಮಾಮ್ ಅಂದರೆ ಇವನ ಹೆಗಲು ಕೀಳಿಸಿದವನು,
ಮೂರು ಸಲ ಇವನಿಗೆ ಮಣ್ಣು ಮುಕ್ಕಿಸಿ
ಒಮ್ಮೆ ಇವನಿಂದ ಮುಕ್ಕಿದವನು.
ನೆಂಟನಲ್ಲ, ದಾಯಾದಿಯಲ್ಲ.
ಶಾಸ್ತ್ರ ಕೇಳಿದರೆ ಇವನಿಗೆ ಯಾವ ಸೂತಕವೂ ಇಲ್ಲ.

ಕತ್ತಿಯ ಕೆಳಗೆ ಗಂಟಲು ಒಮ್ಮೆ ಏರಿ ಇಳಿಯಿತು.

ಅಪ್ಪ ಕಸುಬು ಕಲಿಸುವಾಗ ಹೇಳಿದ್ದ:
ಗಿರಾಕಿ ಸೀನಿದರೆ ಕೈ ಎತ್ತು, ಕೆಮ್ಮಿದರೆ ಎತ್ತು,
ನಕ್ಕರೆ ಎತ್ತು.
ಅತ್ತರೆ ಏನು ಅಂತ ಹೇಳಿರಲಿಲ್ಲ.

ಎತ್ತಿದೆ.
ಬೆಂಚಿನ ಮೇಲೆ ಕಾಯುತ್ತಿದ್ದ ಮಂಡಿಯ ಗುಮಾಸ್ತ
ನಿನ್ನೆಯ ಪೇಪರನ್ನು ಮುಖದ ಮಟ್ಟಕ್ಕೆ ಏರಿಸಿದ.
ನಮ್ಮ ಹುಡುಗ ಹಾಲೇಶ ಫ್ಯಾನು ಜೋರು ಮಾಡಿದ, ಯಾಕೋ.

ಬೋರು ಒತ್ತಿದಾಗ ನೀರಿಗೂ ಮೊದಲು ಗಾಳಿ ಬರುತ್ತದಲ್ಲ,
ಹಾಗೆ, ಗಾಳಿ. ಬಹಳ ಹೊತ್ತು ಬರೀ ಗಾಳಿ.
ಆಮೇಲೆ ನೊರೆಯಲ್ಲಿ ಎರಡು ದಾರಿ ಬಿದ್ದವು.

"ಸೋಪು ಕಣ್ಣಿಗೆ ಹೋಯ್ತೇನಣ್ಣ" ಅಂದೆ,
ಇರಲಿ ಅಂತ ಒಂದು ನೆಪ.
"ಇಲ್ಲಪ್ಪ" ಅಂದ. "ಅಳ್ತಾ ಇದೀನಿ."

ಟೀ ಕುಡೀತಾ ಇದೀನಿ ಅನ್ನುವ ಹಾಗೆ.
ನನ್ನ ನೆಪ ನನ್ನ ಕೈಯಲ್ಲೇ ಉಳಿಯಿತು
ಒದ್ದೆ ಬ್ರಷ್ಷಿನ ಜೊತೆ.

ಈ ಊರಿನ ಗಂಟಲುಗಳೆಲ್ಲ ನನಗೆ ಗೊತ್ತು,
ಸಾಹುಕಾರರದು, ಹಮಾಲರದು,
ಡ್ಯೂಟಿ ಮುಗಿಸಿ ಬಂದ ಪೊಲೀಸಿನವನದು.
ಎಲ್ಲರಿಗೂ ದವಡೆಯ ಕೆಳಗೊಂದು ಮೆತ್ತನೆ ಜಾಗ,
ಹೆಬ್ಬೆಟ್ಟಿನಷ್ಟು. ಕತ್ತಿ ಅಲ್ಲಿಗೆ ಬಂದಾಗ ಕಣ್ಣು ಮುಚ್ಚುತ್ತಾರೆ.
ಇವನು ತೆರೆದೇ ಇದ್ದ.
ಗದ್ದ ತಾನೇ ಎತ್ತಿ ಕೊಟ್ಟ: "ಹ್ಞೂಂ."

ಮೀಸೆ ಹೋಯಿತು. ಅದರಡಿಯ ತುಟಿ
ಬಿಸಿಲು ಕಾಣದ್ದು, ಯಾವುದೋ ಹುಡುಗನದ್ದು,
ನಡುಗುತ್ತಲೇ ಇತ್ತು.

ಸಂಜೆ ಗುಡಿಸುವಾಗ ಹಾಲೇಶ ಕೇಳಿದ,
ಪೈಲ್ವಾನರ ಮೀಸೆ ಇದರಲ್ಲಿ ಯಾವುದು.
ಗುಮಾಸ್ತನ ತಲೆ, ಶಾಲೆ ಮಕ್ಕಳದು, ಎಲ್ಲ ಒಂದೇ ರಾಶಿ.
ಹುಡುಕಬೇಡ ಬಿಡೋ ಅಂದೆ.
ಆದರೂ ಸ್ವಲ್ಪ ಹೊತ್ತು ಇಬ್ಬರೂ ಬಗ್ಗಿಯೇ ಇದ್ದೆವು.