ಕಲ್ಲು ಬಿದ್ದ ವರ್ಷ

ದೂರದಲ್ಲಿ ಅದು ಅಲೆಯೇ ಅಲ್ಲ,
ದೋಣಿಯನ್ನೊಮ್ಮೆ ಎತ್ತಿ ಇಳಿಸುವ ಉಸಿರು.
ಉಚ್ಚಿಲದ ಹತ್ತಿರ ಬಂದಾಗಲೇ
ಅಡಿಗೆ ನೆಲ ತಾಗುವುದು.
ಕಾಲು ತಡೆದು, ತಲೆ ಮಾತ್ರ ಓಡಿ,
ಎದ್ದು ನಿಂತು
ಮುಗ್ಗರಿಸುತ್ತದೆ.

ಓರೆಯಾಗಿ ಏರಿದ ಮರಳು ನೆಟ್ಟಗೆ ಇಳಿಯುತ್ತದೆ,
ಮತ್ತೆ ಓರೆ, ಮತ್ತೆ ನೆಟ್ಟಗೆ,
ಹೀಗೇ ಬಡಗಣಕ್ಕೆ ನಡೆಯುತ್ತದೆ.
ಆಟಿಯಲ್ಲಿ ಒಯ್ದದ್ದನ್ನು
ದೀಪಾವಳಿ ಕಳೆದು ತಂದುಕೊಡುತ್ತಿತ್ತು ಕಡಲು,
ಬಡ್ಡಿಗೆ ನಾಲ್ಕು ಮರುವಾಯಿ.

ನಮ್ಮ ಹಿತ್ತಲಿಗೆ ಕಲ್ಲು ಸುರಿದರು.
ಲಾರಿ ಎಣಿಸಿದ್ದು ನಾನೇ: ನಲವತ್ತೊಂದು.
ಅಂಗಳ ಉಳಿಯಿತು.
ಆಚೆ, ಬಡಗು ಮಗ್ಗುಲಲ್ಲಿ,
ಹಮ್ಮಬ್ಬಣ್ಣನ ಬಾವಿ ಒಂದೇ ರಾತ್ರಿಗೆ
ಸುತ್ತಲ ಮಣ್ಣು ಕಳಚಿ
ಬರೀ ರಿಂಗುಗಳ ಕಂಬವಾಗಿ
ನೊರೆಯಲ್ಲಿ ನಿಂತಿತು.

ಈಗ ಅವರ ನಫೀಸಾ
ನಮ್ಮಲ್ಲಿ ನೀರು ಸೇದುತ್ತಾಳೆ. ಹಗ್ಗ ಅವರದೇ.
ನಾನು ಕಲ್ಲಿನ ಮಾತು ಎತ್ತುವುದಿಲ್ಲ,
ಅವಳು ಕೊಡ ಎತ್ತಿಕೊಂಡು ಹೋಗುತ್ತಾಳೆ.

ಮೊನ್ನೆ ಮಾತ್ರ ತಿರುಗಿ ಅಂದಳು:
ನಿಮ್ಮದೂ ತುಸು ಉಪ್ಪಾಗಿದೆ.