ಏಳನೇ ವಾಲ್ವ್

ಕೂಡ್ಲೂರಿನ ಕಾಫಿಪುಡಿ ಕಾರ್ಖಾನೆ. ರಾತ್ರಿ ಪಾಳಿ.
ಏಳನೇ ವಾಲ್ವ್ ತಿರುಗದು.
ಮೊಯ್ದುಕಾಕ ಹಿಡಿಕೆಗೆ ಪೈಪು ತೂರಿಸಿ ಜೋತುಬಿದ್ದರು;
ಕಿರ್ ಅಂದಿತು, ಅಷ್ಟೇ.

ಬಿಚ್ಚಿದರೆ,
ಹುತ್ತರಿ ರಜೆ ಮುಗಿಸಿ ಬಂದು ನಾನು ಮೆತ್ತಿದ್ದ
ಜೇನುಬಣ್ಣದ ಗ್ರೀಸು
ಒಡೆದ ಹಾಲಾಗಿದೆ.
ಕಾಕ ಬೆರಳಲ್ಲಿ ತಿಕ್ಕಿ ಮೂಸಿದರು:
"ಜಿಡ್ಡೇ ಇಲ್ಲ ಬೊಳ್ಳವ್ವ. ಸೋಪು."

ತುಕ್ಕು ಬಾರದಿರಲೆಂದು
ತಂಪುನೀರಿಗೆ ತಿಂಗಳು ತಿಂಗಳೂ ಮದ್ದು ಸುರಿದವಳೂ ನಾನೇ.
ಕಕ್ಕಡದ ಮದ್ದುಸೊಪ್ಪಿನ ನೇರಳೆ,
ಅಳತೆ ತಪ್ಪದೆ, ಸಹಿ ಹಾಕಿ.
ಪೈಪಿನೊಳಗೆ ಟಾರ್ಚು ಬಿಟ್ಟೆ:
ಒಂದು ಕೆಂಪು ಚುಕ್ಕೆಯಿಲ್ಲ.

ಕಬ್ಬಿಣಕ್ಕೆ ಔಷಧಿ, ಗ್ರೀಸಿಗೆ ಸೀಗೆಪುಡಿ.

ಪುಸ್ತಕದಲ್ಲಿ 'ಕಾರಣ' ಎಂಬ ಕಾಲಮ್ಮು.
"ವಾಲ್ವ್ ಹಳೆಯದು ಅಂತ ಬರಿ,"
ಕಾಕ ನಲ್ಲಿಗೆ ಕೈಯೊಡ್ಡಿದರು.
ಸೋಪು ಮುಟ್ಟಿರಲಿಲ್ಲ;
ನೊರೆ ಬಂತು.